ಸಖೀರಿನ ಮಂಜಿನಲ್ಲಿ ಕಲ್ಲಣಬೆ

ಅವಾಲಿ ದಾಟಿದ ಮೇಲೆ

ಬಹ್ರೇನಿನಲ್ಲಿ ಮರುಭೂಮಿಗೆ ಇಳಿಯುವ ಮೊದಲು ಟಯರಿನ ಗಾಳಿ ಬಿಡುತ್ತಾರೆ. ನಮ್ಮ ಕಾರ್ಕಳದ ಕಡೆ ದೂರ ಹೊರಟರೆ ಮೊದಲು ಬಂಕಿಗೆ ಹೋಗಿ ಗಾಳಿ ತುಂಬಿಸುವುದು ವಾಡಿಕೆ. ಇಲ್ಲಿ ಅವಾಲಿ ಊರು ದಾಟಿ ಡಾಂಬರು ರಸ್ತೆ ಮುಗಿಯುವ ಜಾಗದಲ್ಲಿ ಮೂರು ದೊಡ್ಡ ಗಾಡಿಗಳು ಸಾಲಾಗಿ ನಿಂತವು. ಗಂಡಸರು ಇಳಿದು ಒಂದೊಂದು ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಸುಯ್ಯೆಂದು ಗಾಳಿ ಹೋಗತೊಡಗಿತು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಕಣ್ಣೆದುರು ತಪ್ಪು ನಡೆಯುವಾಗ ಬಾಯಿ ಮುಚ್ಚಿಕೊಂಡಿರಲು ನನಗೆ ಬರುವುದಿಲ್ಲ.

“ಇದೆಂತ ಮಾಡ್ತಾ ಇದ್ದೀರಿ? ಪಂಕ್ಚರ್ ಆದ ಹಾಗೆ ಮಾಡಿಟ್ಟರೆ ಗಾಡಿ ಓಡುವುದು ಹೇಗೆ?”

“ಟೆನ್ಷನ್ ತಗೋಬೇಡಿ ಮೇಡಂ,” ಎಂದರು ಹರೀಶ್. “ಟಯರ್ ಸಾಫ್ಟ್ ಆದ್ರೇನೇ ಮರಳಲ್ಲಿ ಗಾಡಿ ಮುಂದಕ್ಕೆ ಹೋಗೋದು. ಫುಲ್ ಏರ್ ಇಟ್ಕೊಂಡು ಹೊರಟ್ರೆ ಹೂತ್ಕೊಂಡ್ಬಿಡುತ್ತೆ.”

ಹರೀಶ್ ಬೆಂಗಳೂರಿನವರು, ಇಲ್ಲಿ ಹಣಕಾಸಿನ ಕಂಪನಿಯೊಂದರಲ್ಲಿ ಕೆಲಸ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಈ ಮರುಭೂಮಿ ಸವಾರಿಯ ಮುಂದಾಳು ಅವರೇ. ಎರಡನೆಯ ಗಾಡಿ ಬಂಟ್ವಾಳದ ರಫೀಕ್ ಅವರದು. ಉಮ್ ಅಲ್ ಹಸ್ಸಮ್‌ನಲ್ಲಿ ಅವರದೊಂದು ಕೋಲ್ಡ್ ಸ್ಟೋರ್ ಇದೆ. ದಿನಸಿ ಅಂಗಡಿಗೆ ಇಲ್ಲಿ ಹಾಗನ್ನುತ್ತಾರೆ. ಮೂರನೆಯದು ನನ್ನ ತಂಗಿಯ ಗಂಡ ವಿಕ್ಟರನದು. ಹರೀಶರ ಮನೆಯಲ್ಲಿ ಮಕ್ಕಳಿಗೆ ಪರೀಕ್ಷೆ, ರಫೀಕರ ಹೆಂಡತಿ ಊರಿಗೆ ಹೋಗಿದ್ದರು. ಹೀಗಾಗಿ ಮೂರು ಗಾಡಿ ತುಂಬ ಸಾಮಾನು, ನಾವು ಮಾತ್ರ ಐದೇ ಜನ. ನಾನೂ ತಂಗಿ ಸೆವ್ರಿನಳೂ ಮನೆಯಲ್ಲಿ ಆಡುವುದು ಕೊಂಕಣಿ. ಈ ಗುಂಪಿನಲ್ಲಿ ಎಲ್ಲರಿಗೂ ಒಗ್ಗುವುದು ಕನ್ನಡ.

ಸೆವ್ರಿನ್ ನನಗಿಂತ ಆರು ವರ್ಷ ಚಿಕ್ಕವಳು. ಸಲ್ಮಾನಿಯಾದ ಕಡೆ ನರ್ಸ್ ಕೆಲಸ. ಆ ಮಹಾ ಸೋಂಕಿನ ವರ್ಷ ವಾರ್ಡಿನಲ್ಲಿ ಹಗಲು ರಾತ್ರಿ ದುಡಿದು, ಕೊನೆಗೆ ತಾನೂ ಮಲಗಿದಳು. ಎದ್ದಾಗ ಮೂಗು ಸತ್ತಿತ್ತು. ವಾಸನೆಯ ಜೊತೆಗೆ ರುಚಿಯೂ ಹೋಯಿತು. ಬರಬಹುದು, ಬಾರದೆಯೂ ಇರಬಹುದು ಎಂದರಂತೆ ಡಾಕ್ಟರು. ವರ್ಷಗಳೇ ಉರುಳಿದರೂ ಬರಲಿಲ್ಲ. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ಗೊತ್ತಾಗುತ್ತದೆ. ಅದರಾಚೆ ಬಂಗುಡೆಯೂ ಬದನೆಕಾಯಿಯೂ ಅವಳಿಗೆ ಒಂದೇ. ಹಸಿವು ಎನ್ನುವುದೇ ಮರೆತುಹೋಗಿ ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಉಣ್ಣುತ್ತಾಳೆ. ಮುಖ ಸಣ್ಣದಾಗಿದೆ, ಬಳೆ ಮೊಣಕೈವರೆಗೆ ಜಾರುತ್ತದೆ. ನಿವೃತ್ತಿಯಾದ ಕೂಡಲೇ ನಾನು ಬಹ್ರೇನಿಗೆ ಬಂದದ್ದು ಊರು ನೋಡಲಿಕ್ಕಲ್ಲ, ತಂಗಿಯ ಬಾಯಿಗೆ ರುಚಿ ತರಿಸಿಯೇ ಹೋಗಬೇಕೆಂದು.

ಮಾಹೂಝಿನ ಅವಳ ಫ್ಲ್ಯಾಟಿನಲ್ಲಿ ಹತ್ತು ದಿನ ನಾನು ನಡೆಸಿದ್ದು ಪರೀಕ್ಷೆಯೇ. ಊರಿಂದ ತಂದ ಮಿಡಿ ಉಪ್ಪಿನಕಾಯಿ, ಹುರಿದ ಕೊತ್ತಂಬರಿ, ನೀಲಗಿರಿ ಎಣ್ಣೆ, ಕೊನೆಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವಷ್ಟು ನಾತದ ಒಣಮೀನು. ಒಂದೊಂದನ್ನೇ ಅವಳ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಹಿಡಿದೆ. “ಎಂತ ಬಂತು?” “ಎಂತದೂ ಇಲ್ಲ.” “ಸರಿಯಾಗಿ ಎಳೆ.” “ಎಳೆದೆ ಅಕ್ಕಾ, ಇಲ್ಲ.” ಇಪ್ಪತ್ತು ಸಲವಾದರೂ ಇದು ನಡೆಯಿತು.

ಟಯರಿನ ಗಾಳಿ ಬಿಟ್ಟು ಗಾಡಿ ಮತ್ತೆ ಹೊರಟಾಗ ಹಿಂದಿನ ಸೀಟಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ, ಈ ಮೂರು ದಿನ ಪರೀಕ್ಷೆ ಬೇಡ. ಪ್ರಾಮಿಸ್ ಮಾಡು.”

ಮಾಡಿದೆ. ಕಿಟಕಿಯಾಚೆ ಎಣ್ಣೆ ಬಾವಿಗಳ ಕಬ್ಬಿಣದ ತಲೆಗಳು ನಿಧಾನವಾಗಿ ಬಾಗಿ ಬಾಗಿ ಏಳುತ್ತಿದ್ದವು. ನೋಡುತ್ತ ನೋಡುತ್ತ ನನಗೆ ಜೊಂಪು ಹತ್ತಿತು.

ಸಖೀರ್

ಮರುಭೂಮಿ ಎಂದರೆ ಅಲೆಯಲೆಯಾದ ಮರಳ ದಿಬ್ಬ, ಅದರ ನೆತ್ತಿಯ ಮೇಲೊಂದು ಒಂಟೆ ಎಂದು ನಾನು ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಆ ಮಕ್ಕಳ ಕ್ಷಮೆ ಕೇಳಬೇಕು. ಸಖೀರಿನ ನೆಲ ಜಲ್ಲಿ ಹರಡಿ ರೋಲರ್ ಓಡಿಸಲು ಮರೆತ ರಸ್ತೆಯ ಹಾಗಿದೆ. ಸುಣ್ಣದ ಬಣ್ಣದ ಕಲ್ಲು, ನಡುನಡುವೆ ಮರಳು, ಅಲ್ಲೊಂದು ಇಲ್ಲೊಂದು ಮೊಣಕಾಲೆತ್ತರದ ಮುಳ್ಳು ಪೊದೆ. ಎತ್ತ ನೋಡಿದರೂ ಕಣ್ಣಿಗೆ ತಡೆಯಿಲ್ಲ. ತೋಟ, ಗುಡ್ಡ, ಗೋಡೆಗಳ ನಡುವೆ ಬೆಳೆದ ನಮ್ಮಂಥವರಿಗೆ ಇಷ್ಟು ಖಾಲಿ ಜಾಗದಲ್ಲಿ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ.

ಡೇರೆ ಎಂದಾಗ ನಾನು ನೆನೆದದ್ದು ನಾಲ್ಕು ಗೂಟ, ಒಂದು ಟಾರ್ಪಾಲು. ಇಲ್ಲಿನವರ ಡೇರೆಯಲ್ಲಿ ರತ್ನಗಂಬಳಿ, ದಿಂಬು, ಸೋಫಾ, ಫ್ರಿಜ್, ಟಿವಿ. ನಮ್ಮ ಗಾಡಿಗಳಲ್ಲಿ ತಂದು ಹಾಕಿದ ಡೇರೆಗೂ ರತ್ನಗಂಬಳಿಯಿತ್ತು, ಪಕ್ಕದ ಬಿಡಾರದಲ್ಲಿ ಗೋಡೆ ಗಡಿಯಾರ ಕೂಡ ಇತ್ತು. ಮನೆಯಲ್ಲಿ ಸುಖವಾಗಿರುವ ಜನ ವರ್ಷಕ್ಕೆರಡು ತಿಂಗಳು ಮನೆಯನ್ನೇ ಎತ್ತಿ ತಂದು ಬಯಲಲ್ಲಿಟ್ಟು ಕೂರುತ್ತಾರೆ. ಏನು ಮಾಡುತ್ತಾರೆಂದು ಕೇಳಿದೆ. “ಎಂತದೂ ಇಲ್ಲ ಟೀಚರೇ, ಸುಮ್ನೆ ಕೂತ್ಕೊಳ್ಳುದು,” ಎಂದರು ರಫೀಕ್. ನಾಲ್ಕು ಗಂಟೆಯ ಬಿಸಿಲು ಹಳದಿಯಾಗಿ ನೆಲಕ್ಕೆ ಅಂಟಿಕೊಂಡಾಗ, ನೆರಳುಗಳು ಊರುದ್ದ ಚಾಚಿದಾಗ, ನನಗೂ ಸುಮ್ಮನೆ ಕೂರಬೇಕೆನಿಸಿತು. ಸೂರ್ಯ ಮುಳುಗುವವರೆಗೂ ಕುಳಿತೆ. ಯಾರಿಗೂ ಏನೂ ಹೇಳಿಕೊಡಲಿಲ್ಲ.

ಮುಸ್ಸಂಜೆಗೆ ರಫೀಕ್ ಒಂದು ಬದಿಯಲ್ಲಿ ನಮಾಜಿಗೆ ನಿಂತರು. ನಾವು ಮೂವರು ಇನ್ನೊಂದು ಬದಿಯಲ್ಲಿ ತೇರ್ಸ್ ಜಪಮಾಲೆ ಹಿಡಿದು ಕುಳಿತೆವು. ಎರಡೂ ಕಡೆ ಸೇರದ ಹರೀಶ್ ಅನ್ನದ ಪಾತ್ರೆ ಕಾದರು, ತಳ ಹಿಡಿಸಿದರು.

ರಫೀಕರ ಕುರಿ ಸಾರು ಬಲು ಜೋರಾಗಿತ್ತು. ಪ್ರಾಮಿಸ್ ನೆನಪಿದ್ದರಿಂದ ನಾನು ಸೆವ್ರಿನಳನ್ನು ಏನೂ ಕೇಳಲಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ ಅಷ್ಟೆ. ಆಗ ಒಂದು ಸಂಗತಿ ಗಮನಕ್ಕೆ ಬಂತು. ಅವಳು ತನ್ನ ತಟ್ಟೆ ನೋಡುತ್ತಿರಲಿಲ್ಲ. ತುತ್ತು ಬಾಯಿಗಿಟ್ಟು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಕೊನೆಯಲ್ಲಿ, “ರಫೀಕಣ್ಣ, ಇವತ್ತು ಭಾರೀ ಒಳ್ಳೇದಾಗಿದೆ,” ಎಂದಳು.

“ನಿಂಗೆ ಹೇಗೆ ಗೊತ್ತಾಯ್ತು?” ನನಗೆ ತಡೆಯಲಾಗಲಿಲ್ಲ.

“ಹರೀಶ್ ಎರಡನೇ ಸಲ ಹಾಕಿಸಿಕೊಳ್ಳುವಾಗ ಮಾತಾಡಲಿಲ್ಲ. ಚೆನ್ನಾಗಿಲ್ಲದಿದ್ರೆ ಅವರು ಕ್ರಿಕೆಟ್ ವಿಷಯ ತೆಗೀತಾರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟ ಎನ್ನುವುದು ನನ್ನ ತಂಗಿಗೆ ಬೇರೆಯವರ ಮುಖದಲ್ಲಿ ಓದುವ ಸುದ್ದಿಯಾಗಿಬಿಟ್ಟಿತ್ತು.

ಉಪ್ಪು ನೆಲ

ಎರಡನೆಯ ದಿನ ಪಡುವಣ ಕಡಲ ಕಡೆ ಹೋದೆವು. ಗಾಡಿಗಳು ಒಂದರ ಹಿಂದೊಂದು, ಮುಂದಿನವರ ಚಕ್ರದ ಗುರುತಿನಲ್ಲೇ ಹೋಗಬೇಕೆಂದು ಹರೀಶರ ಕಟ್ಟುನಿಟ್ಟು. ಅವರ ಗುರುತು ಕಲ್ಲು ಗುಂಡಿಗಳ ಮೇಲೇ ಸಾಗಿ ನನ್ನ ಸೊಂಟ ಕಳಚಿಹೋಗಿತ್ತು. ಬಲಗಡೆ ನೋಡಿದರೆ ಸಿಮೆಂಟು ಹಾಕಿದಂಥ ಬೆಳ್ಳನೆಯ ಚಪ್ಪಟೆ ಬಯಲು, ಬಿಸಿಲಿಗೆ ಮಿನುಗುತ್ತ ಕಡಲಿನವರೆಗೂ ಹಾಸಿಕೊಂಡಿತ್ತು.

“ವಿಕ್ಟರ್, ಅಷ್ಟು ಚೆಂದದ ನೆಲ ಉಂಟಲ್ಲ, ಅದರಲ್ಲಿ ಬಿಡು.”

ವಿಕ್ಟರ್ ಒಳ್ಳೆಯವನು. ಹೋಟೆಲಿನ ಲಾಂಡ್ರಿಯ ಮೇಲ್ವಿಚಾರಕ, ಮಾತು ಕಡಿಮೆ. ಹೆಂಡತಿಯ ಅಕ್ಕನಿಗೆ ಎದುರಾಡಿದ ದಾಖಲೆಯೇ ಇಲ್ಲ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದ. ಇಪ್ಪತ್ತು ಮಾರು ಹಾಯಾಗಿ ಹೋದೆವು. ಆಮೇಲೆ ಹಪ್ಪಳ ಮುರಿದ ಸದ್ದು ಕೇಳಿತು, ಗಾಡಿಯ ಮೂಗು ಕೆಳಗೆ ಹೋಯಿತು.

ಅದು ಉಪ್ಪು ನೆಲ. ಮೇಲೆ ಬೆರಳ ದಪ್ಪದ ಉಪ್ಪಿನ ಹೊದಿಕೆ, ಅಡಿಯಲ್ಲಿ ಕೊಳಕು ಕೆಸರು. ಅದರಲ್ಲೂ ಕೆಲವು ವಾರಗಳ ಹಿಂದೆ ಇಲ್ಲಿ ಗುಡುಗು ಸಹಿತ ಮಳೆ ಸುರಿದಿತ್ತು. ಹರೀಶ್ ಓಡಿಬಂದರು. ಅವರು ಬೈಯಲಿಲ್ಲ. “ಮೇಡಂ, ನೀವು ಸ್ವಲ್ಪ ದೂರ ನಿಂತ್ಕೊಳ್ಳಿ,” ಎಂದು ಮಾತ್ರ ಹೇಳಿದರು, ಬೈದಿದ್ದರೇ ವಾಸಿಯಿತ್ತು. ಕಡಲ ದಂಡೆಯಲ್ಲಿ ಹಾಸಲೆಂದು ಗಾಡಿಯಲ್ಲಿ ತಂದಿದ್ದ ಡೇರೆಯ ರತ್ನಗಂಬಳಿಯನ್ನು ಚಕ್ರಗಳಡಿ ತುರುಕಿದರು. ಗಂಡಸರು ಮೂವರೂ ಹಿಂದೆ ನಿಂತು ನೂಕಬೇಕಾದ್ದರಿಂದ ಸೆವ್ರಿನ್ ಸ್ಟಿಯರಿಂಗ್ ಹಿಡಿದಳು. ಗಾಬರಿಯಿಲ್ಲ, ಅವಸರವಿಲ್ಲ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ತೊಟ್ಟಿಲು ತೂಗುವ ಹಾಗೆ ತೂಗಿ ತೂಗಿ ಗಾಡಿಯನ್ನು ಕೆಸರಿನಿಂದ ಬಿಡಿಸಿ ಗಟ್ಟಿ ನೆಲಕ್ಕೆ ತಂದಳು. ದೂರ ನಿಂತಿದ್ದ ನನ್ನ ಸೀರೆಗೂ ಕೆಸರು ಹಾರಿತ್ತು. ರತ್ನಗಂಬಳಿಯಂತೂ ಯಾವ ಬಣ್ಣದ್ದಾಗಿತ್ತೆಂದು ಹೇಳುವುದೇ ಕಷ್ಟವಾಗಿತ್ತು. ವಿಕ್ಟರ್ ಅದನ್ನು ಮಡಚುತ್ತ, “ಇದಕ್ಕೆ ಎರಡು ವಾಶ್ ಬೇಕು,” ಎಂದ. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಹೊಗೆಬೆಟ್ಟದ ಕೆಳಗೆ

ಮರಳುವಾಗ ದ್ವೀಪದ ಅತಿ ಎತ್ತರದ ಬೆಟ್ಟವನ್ನು ತೋರಿಸಿದರು. ನಮ್ಮ ಊರಿನಲ್ಲಾದರೆ ಅದಕ್ಕೆ ಪಾದೆ, ಬರೀ ಬಂಡೆ ಎನ್ನುತ್ತಾರೆ, ಮಕ್ಕಳು ಶಾಲೆ ಬಿಟ್ಟ ಮೇಲೆ ಹತ್ತಿ ಇಳಿಯುತ್ತಾರೆ. ಹೆಸರು ಜಬಲ್ ದುಖಾನ್, ಅಂದರೆ ಹೊಗೆಬೆಟ್ಟ. “ಚಳಿಗಾಲದಲ್ಲಿ ಬೆಳಿಗ್ಗೆ ಮಂಜು ಬರ್ತದೆ. ಆಗ ಹೊಗೆ ಎದ್ದ ಹಾಗೆ ಕಾಣ್ತದೆ,” ಎಂದರು ರಫೀಕ್. ನನ್ನ ಕೆಸರು ಸೀರೆಯ ಬಗ್ಗೆ ಯಾರೂ ಮಾತೆತ್ತದೆ ಬೆಟ್ಟದ ಬಗ್ಗೆಯೇ ಮಾತಾಡಿದ್ದು ಅವರ ದೊಡ್ಡತನ.

ಬಿಡಾರಕ್ಕೆ ಬಂದಾಗ ಪಕ್ಕದ ಡೇರೆಯ ಮುದುಕಿ ಬಾಗಿಲಲ್ಲಿ ಕೂತು ಮಡಿಲಲ್ಲಿ ಏನನ್ನೋ ಉಜ್ಜುತ್ತಿದ್ದರು. ಎಲ್ಲರೂ ಉಮ್ ಜಾಸಿಂ ಎನ್ನುತ್ತಿದ್ದರು, ಜಾಸಿಮನ ತಾಯಿ. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲೊಂದು ಕೋಲು. ನನ್ನನ್ನು ಕರೆದು ಮಡಿಲು ತೋರಿಸಿದರು. ಮಣ್ಣು ಮೆತ್ತಿದ ನಾಲ್ಕು ಉಂಡೆಗಳಿದ್ದವು. ಸಣ್ಣ ಆಲೂಗಡ್ಡೆಯ ಗಾತ್ರ.

“ಫಗಾ,” ಎಂದರು. ಆಕಾಶ ತೋರಿಸಿ, ಕೋಲಿನಿಂದ ನೆಲ ಗುದ್ದಿ, “ಧಡ್ ಧಡ್” ಎಂದು ಬಾಯಲ್ಲೇ ಗುಡುಗು ಗುಡುಗಿಸಿದರು.

ನನ್ನ ಮೈ ಜುಮ್ಮೆಂದಿತು. ಗುಡುಗಿದ ಮೇಲೆ ನೆಲದೊಳಗಿಂದ ಬರುವ ಉಂಡೆ! ನಮ್ಮ ಕಡೆಯವರಿಗೆ ಇದನ್ನು ಯಾವ ಭಾಷೆಯಲ್ಲೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ಕಲ್ಲಣಬೆ ಎನ್ನುತ್ತೇವೆ, ತುಳುವಿನಲ್ಲಿ ಕಲ್ಲಲಂಬು. ಮಳೆಗಾಲದ ಮೊದಲ ಗುಡುಗು ಕೇಳಿದ ಮರುದಿನ ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು ಕುರುಚಲು ಕಾಡಿಗೆ ಹೋಗುತ್ತಿದ್ದಳು. ಮರದ ಬುಡದ ತರಗೆಲೆ ಸರಿಸಿ ಕೆರೆದರೆ ಗೋಲಿಯಂಥ ಬಿಳಿ ಅಣಬೆಗಳು ಸಿಗುತ್ತಿದ್ದವು. ಎಲ್ಲಿ ಕೆರೆಯಬೇಕೆಂದು ಹೇಳುತ್ತಿದ್ದವಳು ಸೆವ್ರಿನ್. ಮೊಣಕಾಲೂರಿ ನೆಲಕ್ಕೆ ಮೂಗು ತಾಗಿಸಿ, “ಇಲ್ಲಿ ಉಂಟು” ಎನ್ನುವಳು. ಒಮ್ಮೆಯೂ ತಪ್ಪಿದ್ದಿಲ್ಲ.

ನನ್ನ ಬುದ್ಧಿಗೆ ಏನಾಯಿತೋ. ಒಂದು ಫಗಾ ಎತ್ತಿಕೊಂಡು ಓಡಿದೆ. ಸೆವ್ರಿನ್ ಎಲ್ಲರ ಜೊತೆ ಚಹಾ ಕುಡಿಯುತ್ತ ಕುಳಿತಿದ್ದಳು. ಹಿಂದಿನಿಂದ ಹೋಗಿ ಅವಳ ಕಣ್ಣು ಮುಚ್ಚಿ ಮೂಗಿನ ಕೆಳಗೆ ಹಿಡಿದೆ.

“ಹೇಳು ನೋಡುವಾ, ಎಂತ ಇದು?”

ಅವಳು ಉಸಿರೆಳೆದದ್ದು ನನ್ನ ಬೆರಳಿಗೆ ತಾಗಿತು. ಮತ್ತೊಮ್ಮೆ ಎಳೆದಳು, ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

“ಇಲ್ಲ ಅಕ್ಕಾ.”

“ಸರಿಯಾಗಿ ಎಳೆ. ಗುಡುಗಿಗೆ ಬರುವುದು. ಅಮ್ಮ…”

“ಬೇಡ ಅಂದಿದ್ದೆನಲ್ಲ!” ಅವಳ ಧ್ವನಿ ಏರಿತು. “ಪ್ರತೀ ಸಲ ನಾನು ಫೇಲ್ ಆಗುವುದು ನಿಂಗೆ ನೋಡ್ಬೇಕಾ? ಎಲ್ಲರೆದುರು? ನಾನು ನಿನ್ನ ತಂಗಿಯಾ, ಕ್ಲಾಸಿನ ಮಗುವಾ?”

ಎದ್ದು ಡೇರೆಯೊಳಗೆ ಹೋದಳು. ಹರೀಶ್ ಕ್ರಿಕೆಟ್ ವಿಷಯ ತೆಗೆದರು. ಫಗಾ ಹಿಂದಿರುಗಿಸಲು ಹೋದರೆ ಉಮ್ ಜಾಸಿಂ ನನ್ನ ಮುಖ ನೋಡಿ ಅದನ್ನು ಮಡಿಲಿಗೆ ಹಾಕಿಕೊಂಡರು.

ಮಂಜು

ಬೆಳಿಗ್ಗೆ ಎದ್ದು ಹೊರಗೆ ಬಂದರೆ ಜಗತ್ತೇ ಇರಲಿಲ್ಲ. ಮಂಜು ಎಂದರೆ ಅಂಥ ಮಂಜು. ಮೂರು ಮಾರು ದೂರದ ಗಾಡಿ ಮಸುಕಾಗಿ ಕಾಣುತ್ತಿತ್ತು, ಅದರಾಚೆಯದು ಕಾಣುತ್ತಲೇ ಇರಲಿಲ್ಲ. ಹಾಲಿನಲ್ಲಿ ಮುಳುಗಿ ಕಣ್ಣು ಬಿಟ್ಟಂತಿತ್ತು. ಎಲ್ಲರೂ ಮಲಗಿದ್ದರು.

ನನಗೆ ಹಟ. ತಪ್ಪಾಯಿತೆಂದು ತಂಗಿಗೆ ಹೇಳುವುದು ಬಿಟ್ಟು, ನಾನೇ ಒಂದು ಫಗಾ ಹುಡುಕಿ ತಂದು ಸಾರು ಮಾಡಿ ಬಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕಾಚಾರ. ಕಲ್ಲಣಬೆ ಹುಡುಕಿ ಬೆಳೆದ ಕೈ, ಇದೇನು ಮಹಾ! ಚಮಚವೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಕಲ್ಲಣಬೆ ಇರುವುದು ಮರದ ಬುಡದಲ್ಲಿ. ಇಲ್ಲಿ ಮರವಿಲ್ಲ, ಮುಳ್ಳು ಪೊದೆಯಿದೆ. ಒಂದು ಪೊದೆಯ ಬುಡ ಕೆರೆದೆ, ಇಲ್ಲ. ಮಂಜಿನಲ್ಲಿ ಇನ್ನೊಂದು ಮಸುಕಾಗಿ ಕಂಡಿತು, ಅದನ್ನೂ ಕೆರೆದೆ. ಅಲ್ಲಿಂದ ಮತ್ತೊಂದು. ತಲೆ ಬಗ್ಗಿಸಿ ನೆಲ ನೋಡುತ್ತ ಹೋಗುವುದು ನಮ್ಮ ಕಾಡಿನ ಅಭ್ಯಾಸ. ಅಲ್ಲಿ ತಲೆಯೆತ್ತಿದರೆ ಬೇಲಿಯೋ, ಯಾರದೋ ಮನೆಯ ಹಂಚೋ ಕಾಣುತ್ತದೆ. ಇಲ್ಲಿ ತಲೆಯೆತ್ತಿದಾಗ ಬೆಳ್ಳಗಿನ ಬಯಲು ಬಿಟ್ಟರೆ ಬೇರೇನೂ ಇರಲಿಲ್ಲ.

ಹಿಂದಿರುಗಿ ನಡೆದೆ. ಹೆಜ್ಜೆ ಗುರುತು ಹುಡುಕಿದರೆ ಜಲ್ಲಿ ನೆಲದಲ್ಲಿ ಗುರುತೇ ಇಲ್ಲ. ಕೂಗಿದೆ. ಕೂಗು ಬಾಯಿಂದ ಹೊರಟು ಅಲ್ಲೇ ಸತ್ತಂತಾಯಿತು. ಸ್ವಲ್ಪ ಹೊತ್ತಿಗೆ ಗಾಡಿಯ ಹಾರನ್ನು ಕೇಳಿತು, ಜೀವ ಬಂದಂತಾಯಿತು. ಆದರೆ ಮಂಜಿನಲ್ಲಿ ಶಬ್ದಕ್ಕೆ ದಿಕ್ಕಿಲ್ಲ. ಎಡಕ್ಕೆ ತಿರುಗಿದರೆ ಬಲದಲ್ಲಿ, ಬಲಕ್ಕೆ ತಿರುಗಿದರೆ ಬೆನ್ನ ಹಿಂದೆ. ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ಹೇಳಬೇಕು, ಆ ಹೆದರಿಕೆಯ ಕೆಳಗೆ ಒಂದು ವಿಚಿತ್ರ ನೆಮ್ಮದಿಯೂ ಇತ್ತು. ನಾನು ಅರುವತ್ತು ವರ್ಷದವಳೆಂದಾಗಲಿ, ಟೀಚರ್ ಎಂದಾಗಲಿ ಹೇಳುವ ಒಂದು ವಸ್ತುವೂ ಸುತ್ತಮುತ್ತ ಇರಲಿಲ್ಲ. ನನ್ನ ಕೈ ನನಗೆ ಬೇರೆ ಯಾರದೋ ಕೈಯಂತೆ ಕಂಡಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ.

ಆಗ ಅದು ಬಂತು. ತೆಳ್ಳಗೆ, ಎಲ್ಲಿಂದಲೋ. ಏಲಕ್ಕಿ. ಏಲಕ್ಕಿ ಹಾಕಿ ಕುದಿಸುವ ಕಾಫಿ, ಅದರ ಹಿಂದೆ ಸೌದೆ ಹೊಗೆ. ಮುಖ ತಿರುಗಿಸಿದೆ, ಮಾಯವಾಯಿತು. ಈ ಕಡೆ ತಿರುಗಿಸಿದೆ, ಮತ್ತೆ ಬಂತು. ಕಣ್ಣು ಕೆಲಸಕ್ಕೆ ಬಾರದ್ದರಿಂದ ಮುಚ್ಚಿಕೊಂಡೇ ಬಿಟ್ಟೆ. ಮೂಗು ಮುಂದೆ, ನಾನು ಹಿಂದೆ. ಹತ್ತು ಹೆಜ್ಜೆ ಇಡುವುದು, ನಿಲ್ಲುವುದು, ಎಳೆಯುವುದು. ಏಲಕ್ಕಿ ದಪ್ಪವಾಗುತ್ತ ಬಂತು. ಅದಕ್ಕೆ ಈರುಳ್ಳಿ ಸೇರಿತು, ಸುಟ್ಟ ರೊಟ್ಟಿ ಸೇರಿತು. ಬದುಕಿದೆ ಎಂದುಕೊಂಡೆ.

ಹಾಗೆ ಅಂದುಕೊಂಡ ಕ್ಷಣವೇ ಕಾಲು ನಿಂತುಬಿಟ್ಟಿತು. ನನ್ನ ಜಾಗದಲ್ಲಿ ಸೆವ್ರಿನ್ ಇದ್ದಿದ್ದರೆ? ಅವಳಿಗೆ ಈ ದಾರಿ ಇಲ್ಲ. ಅವಳು ಈ ಬೆಳ್ಳಗಿನಲ್ಲಿ ನಿಂತೇ ಇರಬೇಕಾಗಿತ್ತು. ಅಷ್ಟೇ ಅಲ್ಲ, ಅವಳು ಇಷ್ಟು ವರ್ಷವೂ ನಿಂತೇ ಇದ್ದಾಳೆ. ನಾನು ಹತ್ತು ದಿನದಿಂದ ಅವಳ ಹತ್ತಿರ ಹೋಗಿ, “ಕಾಣ್ತದಾ? ಸರಿಯಾಗಿ ನೋಡು” ಎಂದು ಕೂಗುತ್ತಿದ್ದೇನೆ. ಅಲ್ಲೇ ಜಲ್ಲಿಯ ಮೇಲೆ ಕುಳಿತು ಅತ್ತೆ. ಯಾರೂ ನೋಡುವವರಿರಲಿಲ್ಲವಾದ್ದರಿಂದ ಜೋರಾಗಿಯೇ ಅತ್ತೆ.

ಕಾಫಿಯ ವಾಸನೆ ನನ್ನನ್ನು ಮುಟ್ಟಿಸಿದ್ದು ಉಮ್ ಜಾಸಿಂ ಡೇರೆಯ ಬಾಗಿಲಿಗೆ. ಅವರು ನನ್ನ ಉಗುರಲ್ಲಿ ಕೂತ ಮಣ್ಣು, ಸೊಂಟದ ಚಮಚ, ಅತ್ತ ಕಣ್ಣು ಎಲ್ಲ ನೋಡಿದರು. ಪುಟ್ಟ ಲೋಟದಲ್ಲಿ ಕಾಫಿ ಕುಡಿಸಿದರು. ಅಷ್ಟರಲ್ಲಿ ಸೆವ್ರಿನ್ ಓಡಿಬಂದಳು. ಇಷ್ಟು ಹೊತ್ತು ಹಾರನ್ನು ಒತ್ತುತ್ತಿದ್ದವಳು ಅವಳೇ.

“ಎಲ್ಲಿ ಸತ್ತಿದ್ದೆ ನೀನು! ಯಾರನ್ನೂ ಎಬ್ಬಿಸದೆ, ಫೋನೂ ಇಲ್ಲದೆ! ಎಂತ ಮಾಡ್ತಿದ್ದೆ ಅಲ್ಲಿ?”

“ನಿಂಗೆ ಕಲ್ಲಣಬೆ ಹುಡುಕಲಿಕ್ಕೆ ಹೋದೆ. ಸಿಗಲಿಲ್ಲ.” ಆಮೇಲೆ ಹೇಳಬೇಕಾದ್ದನ್ನು ಹೇಳಿಯೇಬಿಟ್ಟೆ. “ತಪ್ಪಾಯ್ತು ಸೆವ್ರಿ. ಇನ್ನು ಪರೀಕ್ಷೆ ಇಲ್ಲ. ಮೂರು ದಿನಕ್ಕಲ್ಲ, ಯಾವತ್ತೂ ಇಲ್ಲ.”

ಅವಳು ನನ್ನ ತಲೆಯ ಮೇಲಿನ ಮುಳ್ಳುಕಡ್ಡಿ ಕಿತ್ತು ಎಸೆದಳು.

ಡೇರೆಯೊಳಗೆ

ಮಂಜು ತೆಳುವಾದ ಮೇಲೆ ಉಮ್ ಜಾಸಿಂ ನನ್ನ ಕೈ ಹಿಡಿದು ಕರೆದೊಯ್ದರು. ಆಸ್ಪತ್ರೆಯಲ್ಲಿ ಅರಬ್ಬಿ ಕಲಿತಿದ್ದ ಸೆವ್ರಿನ್ ಮಾತು ತಿಳಿಸಿಕೊಡಲು ಜೊತೆಗೆ ಬಂದಳು. ನಾನು ಕೆರೆದಿದ್ದ ಪೊದೆಗಳನ್ನು ಕಂಡು ಮುದುಕಿಗೆ ನಗು ತಡೆಯಲಾಗಲಿಲ್ಲ. ಪೊದೆಯ ಹತ್ತಿರ ಫಗಾ ಇರುವುದೇ ಇಲ್ಲವಂತೆ. ಬಯಲಿನಲ್ಲಿ ಅಂಗೈಯಗಲದ ಒಂದು ಬಡಕಲು ಗಿಡ ತೋರಿಸಿದರು. ಅದರ ಆಸುಪಾಸಿನಲ್ಲಿ ನೆಲ ಚೂರು ಉಬ್ಬಿ ಬಿರುಕು ಬಿಟ್ಟಿರಬೇಕು. ಆ ಬಿರುಕು ನೋಡಲು ಸೂರ್ಯ ತಗ್ಗಿನಲ್ಲಿರುವಾಗ ಕೆನ್ನೆಯನ್ನು ನೆಲಕ್ಕೆ ಊರಬೇಕು. ಈಗೀಗ ಮಳೆಯೂ ಕಡಿಮೆ, ಗಾಡಿಗಳ ಓಡಾಟ ಹೆಚ್ಚು, ಸಿಗುವುದೇ ಅಪರೂಪ ಎಂದು ಕೈಯಾಡಿಸಿ ತಿಳಿಸಿದರು. ಮೂವರು ಹೆಂಗಸರು ಮೂರು ಕಡೆ ಕೆನ್ನೆ ಊರಿ ಮಲಗಿದೆವು. ನೆಲ ತಣ್ಣಗಿತ್ತು. ಅಲ್ಲಿಂದ ನೋಡಿದರೆ ಒಂದೊಂದು ಕಲ್ಲಿಗೂ ಉದ್ದನೆಯ ನೆರಳು. ಎದ್ದೇಳುವ ಮನಸ್ಸೇ ಆಗಲಿಲ್ಲ.

“ಇಲ್ಲಿ ಉಂಟು,” ಎಂದಳು ಸೆವ್ರಿನ್. ಕಣ್ಣಿನಿಂದಲೇ ಹುಡುಕಿದ್ದಳು. ಬೆರಳಲ್ಲಿ ಬಿಡಿಸಿ ತೆಗೆದಳು, ಒಂದೇ ಒಂದು, ಅವಳ ಮುಷ್ಟಿಯಷ್ಟು ದೊಡ್ಡದು.

ತೊಳೆದಷ್ಟೂ ಮರಳು ಬಿಡುತ್ತಲೇ ಇತ್ತು. ಆರು ನೀರು ಆಯಿತು. ರಫೀಕ್ ಮಸಾಲೆ ಅರೆಯಲು ಹೊರಟರು, ನಾನು ಬೇಡವೆಂದೆ. ಹೋಳು ಮಾಡಿ, ಬೆಣ್ಣೆಯಲ್ಲಿ ಬಾಡಿಸಿ, ಉಪ್ಪು ಹಾಕಿದೆ, ಅಷ್ಟೆ. ಉಮ್ ಜಾಸಿಂಗೆ ಒಂದು ಪಾಲು ಕಳಿಸಿ, ಉಳಿದದ್ದನ್ನು ಐವರಿಗೆ ಹಂಚಿದಾಗ ಒಬ್ಬೊಬ್ಬರ ತಟ್ಟೆಯಲ್ಲಿ ನಾಲ್ಕೈದು ತುಂಡು.

ಸೆವ್ರಿನ್ ತುಂಡೊಂದನ್ನು ಬಾಯಿಗಿಟ್ಟಳು. ನಾನು ನನ್ನ ತಟ್ಟೆಯನ್ನೇ ನೋಡಿಕೊಂಡು ಕುಳಿತೆ. ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಹರೀಶ್ ಮಾತಾಡಲಿಲ್ಲ, ವಿಕ್ಟರ್ ಹೇಗೂ ಮಾತಾಡುವವನಲ್ಲ, ರಫೀಕ್ ಚಮಚದಲ್ಲಿ ತಟ್ಟೆ ಕೆರೆದರು.

“ಎಂತದೂ ಇಲ್ಲ ಅಕ್ಕಾ,” ಎಂದಳು, ನಾನು ಕೇಳದೆಯೇ. “ಉಪ್ಪು ಗೊತ್ತಾಗ್ತದೆ. ಮೆತ್ತಗೆ ಉಂಟು. ಅಷ್ಟೇ.”

“ಆಗ್ಲಿ ಬಿಡು. ಬಿಡು ಮಗಾ.”

ಅವಳು ನನ್ನ ಹತ್ತಿರ ಸರಿದು ಕುಳಿತಳು.

“ನಿಂಗೆ ಹೇಗಾಗ್ತದೆ? ಹೇಳು.”

“ಒಳ್ಳೇದುಂಟು.”

“ಹಾಗೆ ಎಲ್ಲರೂ ಹೇಳ್ತಾರೆ. ಇಷ್ಟು ವರ್ಷ ನಂಗೆ ಎಲ್ಲರೂ ಅದನ್ನೇ ಹೇಳಿದ್ದು. ನೀನು ಟೀಚರಲ್ವಾ, ಸರಿಯಾಗಿ ಹೇಳು.”

ಇದು ನನಗೆ ಬಂದ ಪ್ರಶ್ನೆಪತ್ರಿಕೆ. ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡೆ. ಇಷ್ಟು ವರ್ಷ ಉಂಡಿದ್ದೇನೆ, ಒಂದು ತುತ್ತಿನ ರುಚಿಯನ್ನು ಮಾತಿನಲ್ಲಿ ಹೇಳಲು ಕುಳಿತವಳಲ್ಲ.

“ಮೊದಲು ಬೆಣ್ಣೆ ಬರ್ತದೆ,” ಎಂದೆ. “ಅದು ನಾಲಿಗೆಯ ಮೇಲೇ ನಿಲ್ತದೆ. ಅದು ಹೋದ ಮೇಲೆ ನಿಧಾನ… ಹಳೇ ಮರದ ಪೆಟ್ಟಿಗೆ ತೆರೆದಾಗ ಬರುವ ಪರಿಮಳ ಉಂಟಲ್ಲ, ಅದು. ಆದ್ರೆ ಒಣಗಿದ್ದಲ್ಲ, ಸ್ವಲ್ಪ ಪಸೆ ಉಂಟು. ಕಲ್ಲಣಬೆ ಹಲ್ಲಿಗೆ ಸಿಕ್ಕಿ ಟಪ್ ಅಂತ ಒಡೀತದಲ್ಲ, ಇದು ಒಡಿಯುದಿಲ್ಲ. ಬೇಯಿಸಿದ ಗೆಣಸಿನ ಹಾಗೆ ಬಿಟ್ಟುಕೊಡ್ತದೆ. ಆಮೇಲೆ ಗಂಟಲಿನ ಹತ್ತಿರ…”

ಕಣ್ಣು ತೆರೆದೆ. ಸೆವ್ರಿನ್ ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಅವಳ ಗಂಟಲು ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ಊಟದ ಅಲಾರಂ ಇನ್ನೂ ಹೊಡೆದಿರಲಿಲ್ಲ. ನುಂಗಿ, ತಟ್ಟೆಯನ್ನು ಬೆರಳಲ್ಲಿ ತಡವಿ ಇನ್ನೊಂದು ತುಂಡು ಎತ್ತಿಕೊಂಡಳು.

“ಗಂಟಲಿನ ಹತ್ತಿರ ಎಂತ?”

“ಅಲ್ಲಿ ಒಂದು ಸಣ್ಣ ಕಹಿ ಉಂಟು. ಬಾದಾಮಿ ಸಿಪ್ಪೆಯ ಹಾಗೆ. ಅಗಿ, ಹೇಳ್ತೇನೆ.”